ಗಾಳಿ ಸ್ವಲ್ಪ ಬರ್ತಿದೆ

ನಮ್ಮ ಭಾವನವರದ್ದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಆ ಭಾರದ ಚೌಕಟ್ಟನ್ನು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದನ್ನು ಸಿಕ್ಕಿಸಿ, “ಮೊದಲಿಂದು ವಾಸಿಯೋ, ಇದು ವಾಸಿಯೋ?” ಎಂದು ಕೇಳುವುದು ಅವರ ಕಸುಬು. ಎರಡೂ ಒಂದೇ ಥರ ಕಂಡರೂ ಮರ್ಯಾದಸ್ಥ ಗಿರಾಕಿ “ಇದು ಸ್ವಲ್ಪ ವಾಸಿ” ಅನ್ನುತ್ತಾನೆ. ಅಷ್ಟು ಹೊತ್ತು ಬಗ್ಗಿ ನಿಂತು ಕೇಳುತ್ತಿರುವ ಮನುಷ್ಯನಿಗೆ “ಏನೂ ವ್ಯತ್ಯಾಸ ಇಲ್ಲ” ಎಂದು ಯಾವ ಬಾಯಲ್ಲಿ ಹೇಳುವುದು? ಹೀಗೆ ವರ್ಷಗಟ್ಟಲೆ “ಸ್ವಲ್ಪ ವಾಸಿ” ಕೇಳಿ ಕೇಳಿ ಭಾವನ ಮನಸ್ಸಿನಲ್ಲಿ ಒಂದು ನಂಬಿಕೆ ಬೇರು ಬಿಟ್ಟಿತ್ತು. ಜಗತ್ತಿನ ಯಾವ ದೋಷವನ್ನಾದರೂ ಸರಿ, ಏನನ್ನಾದರೂ ತೆಗೆದು ಹಾಕಿ, ಎದುರಿಗಿದ್ದವರನ್ನು ಕೇಳಿದರೆ ಪತ್ತೆ ಹಚ್ಚಬಹುದು ಎಂಬ ನಂಬಿಕೆ.

ಅದು ಅಂಗಡಿಯ ಬಾಗಿಲೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಕಾರಿನ ಹೀಟರ್ ಫ್ಯಾನು ನಿಂತುಹೋಯಿತು. ಗುಂಡಿಯನ್ನು ಒಂದಕ್ಕೆ ತಿರುಗಿಸಿದರೂ ಅಷ್ಟೆ, ನಾಲ್ಕಕ್ಕೆ ತಿರುಗಿಸಿದರೂ ಅಷ್ಟೆ. ಗಾಳಿಯೂ ಇಲ್ಲ, ಸದ್ದೂ ಇಲ್ಲ. ಒಳಗೆ ಕೂತವರು ನಾಲ್ಕು ಸಲ ಉಸಿರು ಬಿಟ್ಟರೆ ಸಾಕು, ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ರಸ್ತೆ ಮಾಯವಾಗುತ್ತಿತ್ತು.

ಬೇರೆ ಸಮಯವಾಗಿದ್ದರೆ ಕಂಬಳಿ ಹೊದ್ದು ಓಡಾಡಿಕೊಂಡಿರಬಹುದಿತ್ತು. ಆದರೆ ಮುಂದಿನ ಶನಿವಾರ ಬೆಳಿಗ್ಗೆ ಅಕ್ಕನ ಡ್ರೈವಿಂಗ್ ಟೆಸ್ಟು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆಯಾದ ಮನೆಗಳಿಗೆ ಹೋಗಿ ತಾಯಿ ಮಗುವನ್ನು ನೋಡಿಕೊಂಡು ಬರುವ ಕೆಲಸಕ್ಕೆ ಅವಳನ್ನು ಆರಿಸಿದ್ದರು. ಎಷ್ಟೋ ವರ್ಷದಿಂದ ಅವಳು ಆಸೆಪಟ್ಟಿದ್ದ ಕೆಲಸ ಅದು. ಷರತ್ತು ಒಂದೇ, ಸೋಮವಾರ ಬೆಳಿಗ್ಗೆ ಲೈಸೆನ್ಸ್ ತೋರಿಸಬೇಕು. ತೋರಿಸದಿದ್ದರೆ ಕೆಲಸ ಸಾಲಿನಲ್ಲಿರುವ ಮುಂದಿನವರಿಗೆ. ಅಕ್ಕ ಆಗಲೇ ಎರಡು ಸಲ ಫೇಲಾಗಿದ್ದಳು. ಮೊದಲ ಸಲ ದಿಬ್ಬದ ಮೇಲೆ ಗಾಡಿ ಹಿಂದಕ್ಕೆ ಜಾರಿತು. ಎರಡನೇ ಸಲ ಟೆಸ್ಟ್ ನಡೆಯುವ ಮೈದಾನದ ಆಚೆ ತುದಿಯಲ್ಲಿ ಎದುರಾಗಿ ನಿಂತಿದ್ದ ಭಾವ “ಎಡಕ್ಕೆ, ಎಡಕ್ಕೆ” ಎಂದು ಕೈ ಬೀಸಿದರು. ಅವರ ಎಡ ಅವಳಿಗೆ ಬಲ. ರಬ್ಬರ್ ಕಂಬಗಳು ಸಾಲಾಗಿ ಮಲಗಿಕೊಂಡವು.

“ರೀ, ಮೆಕ್ಯಾನಿಕ್ ಹತ್ರ ಬಿಟ್ಟುಬಿಡೋಣ,” ಎಂದಳು ಅಕ್ಕ.

“ಮೆಕ್ಯಾನಿಕ್ ಏನು ಮಾಡ್ತಾನೆ? ಮೊದಲು ದೋಷ ಎಲ್ಲಿದೆ ಅಂತ ಹುಡುಕ್ತಾನೆ. ಅದನ್ನ ನಾನು ದಿನಾ ಮಾಡ್ತಿಲ್ವಾ?” ಎಂದರು ಭಾವ.

“ನೀವು ಮಾಡೋದು ಕಣ್ಣಿಂದು.”

“ಕಣ್ಣಿಗಿಂತ ಸೂಕ್ಷ್ಮನಾ ನಿನ್ನ ಫ್ಯಾನು?”

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರಿನ ನಾಲ್ಕೂ ಬಾಗಿಲು ತೆರೆದುಕೊಂಡವು. ಭಾವ ಅಂಗಡಿಯ ಬಿಳಿ ಕೋಟು ತೊಟ್ಟು, ಹಣೆಗೆ ಸಣ್ಣ ಟಾರ್ಚು ಕಟ್ಟಿಕೊಂಡು ಹೊರಬಂದರು. ಬೆನ್ನನ್ನು ಮುಂದಿನ ಸೀಟಿನ ಮೇಲಿಟ್ಟು, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಕಾಲುಗಳನ್ನು ಬೀದಿಗೆ ಬಿಟ್ಟರು. ಆ ಭಂಗಿಯಲ್ಲಿ ಒಂದು ಫ್ಯೂಸನ್ನು ಕಿತ್ತು, ಬೆಳಕಿಗೆ ಹಿಡಿದು ನೋಡಿ, ತಮ್ಮ ಅಂಗಡಿಯ ಹಳದಿ ಒರೆಸುವ ಬಟ್ಟೆಯಿಂದ ಮೃದುವಾಗಿ ಒರೆಸಿ, ಅದೇ ಜಾಗಕ್ಕೆ ಸಿಕ್ಕಿಸಿದರು. ಗಿರಾಕಿಗಳಿಗೆ ಪುಕ್ಕಟೆ ಕೊಡುವ ಆ ಬಟ್ಟೆಗಳನ್ನು ಅವರು ಎಲ್ಲೆಲ್ಲೂ ತುಂಬಿಸಿಡುತ್ತಿದ್ದರು. ಅದರ ಮೂಲೆಯಲ್ಲಿ ಅಂಗಡಿಯ ಹೆಸರು, ಕೆಳಗೆ “ಸ್ಪಷ್ಟ ನೋಟ ನಮ್ಮ ಹೊಣೆ” ಎಂಬ ಮಾತು.

“ಗಾಳಿ ಬರೋ ಜಾಗಕ್ಕೆ ಕೈ ಹಿಡಿಯೋ,” ಎಂದು ಕೆಳಗಿನಿಂದ ನನಗೆ ಅಪ್ಪಣೆಯಾಯಿತು. “ಮೊದಲು ವಾಸಿಯೋ, ಈಗ ವಾಸಿಯೋ?”

ನಾನು ಕೈ ಹಿಡಿದೆ. ಅಕ್ಕನ ಮನೆಯಲ್ಲಿದ್ದುಕೊಂಡು ಭಾವನ ಉಪ್ಪು ತಿನ್ನುವ ತಮ್ಮ ನಾನು. ಗಾಳಿ ಸ್ವಲ್ಪ ಬಂದ ಹಾಗೆಯೇ ಅನ್ನಿಸಿತು. ನನ್ನ ಸ್ಥಿತಿಯಲ್ಲಿರುವವನಿಗೆ ಬೇರೆ ಏನು ಅನ್ನಿಸಲು ಸಾಧ್ಯ?

“ಈಗ ಸ್ವಲ್ಪ ವಾಸಿ ಭಾವ.”

“ಹಾಂ! ನೋಡಿದ್ಯಾ?” ಬೀದಿಯಲ್ಲಿದ್ದ ಎರಡು ಕಾಲುಗಳು ಸಂತೋಷದಿಂದ ಕುಣಿದವು.

ಎರಡು ಕಾಲು ಹೀಗೆ ಬೀದಿಯಲ್ಲಿ ಕುಣಿಯುತ್ತಿದ್ದರೆ ಜನ ಸುಮ್ಮನೆ ಹೋಗುತ್ತಾರೆಯೆ? ಎದುರು ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಬಂದರು. ಅವರ ಕನ್ನಡಕದ ಕಡ್ಡಿಯನ್ನು ಭಾವ ಪ್ರತಿ ತಿಂಗಳೂ ಪುಕ್ಕಟೆ ಬಿಗಿ ಮಾಡಿಕೊಡುತ್ತಿದ್ದರು. ಮೇಷ್ಟ್ರು ಕೈ ಹಿಡಿದು, ಕಣ್ಣು ಮುಚ್ಚಿ ಯೋಚಿಸಿ, “ನೂರಕ್ಕೆ ನಲವತ್ತು ಕೊಡಬಹುದು. ಪಾಸು,” ಎಂದರು. ಪಕ್ಕದ ಬೇಕರಿಯಮ್ಮ ಓವನ್ ಬಿಟ್ಟು ನೇರವಾಗಿ ಬಂದಿದ್ದರಿಂದ ಅವರ ಕೈಯೇ ಕೆಂಡದಂತಿತ್ತು. “ಅಯ್ಯೋ, ಬಿಸಿ ಬರ್ತಿದೆ ಕಣ್ರೀ, ಚೆನ್ನಾಗೇ ಬರ್ತಿದೆ!” ಎಂದು ಅವರು ಕೂಗಿದರು. ಭಾವ ಇನ್ನೊಂದು ಫ್ಯೂಸು ಒರೆಸಿದರು. ಮೇಷ್ಟ್ರು ಅಂಕವನ್ನು ಐವತ್ತೈದಕ್ಕೆ ಏರಿಸಿದರು. ದೂರದ ಊರಿನಲ್ಲಿದ್ದ ತಮ್ಮ ಅಣ್ಣನಿಗೆ ಭಾವ ಫೋನ್ ಹಚ್ಚಿ, ಫೋನನ್ನು ಹೀಟರಿನ ಕಿಂಡಿಗೆ ಹಿಡಿದರು. “ಕೇಳಿಸ್ತಿದೆ, ಕೇಳಿಸ್ತಿದೆ!” ಎಂದು ಅಣ್ಣನೂ ಒಪ್ಪಿಕೊಂಡರು. ಅವರು ಕೇಳಿಸಿಕೊಂಡದ್ದು ಏನನ್ನು ಎಂಬುದು ಇವತ್ತಿಗೂ ಗೊತ್ತಿಲ್ಲ.

ಅಕ್ಕ ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಾಗ ಗಂಡ ಕೋಟಿನ ತುಂಬ ಧೂಳು ಮಾಡಿಕೊಂಡು, ಮುಖ ಅರಳಿಸಿಕೊಂಡು ನಿಂತಿದ್ದರು. ಅವಳು ಕೈ ಹಿಡಿದಳು. ಗಂಡನ ಮುಖ ನೋಡಿದಳು. “ಹೂಂ, ಸ್ವಲ್ಪ ಬರ್ತಿದೆ ಅನ್ಸತ್ತೆ,” ಎಂದು ಒಳಗೆ ಹೋದಳು.

ಉಳಿದವರು ನಮ್ಮ ಜೊತೆಯಲ್ಲೇ ಇದ್ದ ಅಮ್ಮ. ಅಮ್ಮ ಮುಲಾಜಿಗೆ ಬೀಳುವ ಹೆಂಗಸಲ್ಲ. ಕೈಯನ್ನು ಕಿಂಡಿಗೆ ಒತ್ತಿ ಹಿಡಿದು, ಮಗುಚಿ ಹಿಡಿದು, ಕೊನೆಗೆ ಕೆನ್ನೆಯನ್ನೂ ಆನಿಸಿ ನೋಡಿ ತೀರ್ಪು ಕೊಟ್ಟರು.

“ಏನೂ ಬರ್ತಿಲ್ಲ. ಸತ್ತುಹೋಗಿದೆ.”

ಬೇಕರಿಯಮ್ಮ ಸೆರಗು ಸರಿಮಾಡಿಕೊಂಡರು. ಭಾವ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಮೆಲ್ಲಗೆ ಹೊರಬಂದು ಅತ್ತೆಯ ಮುಖವನ್ನು ಕನಿಕರದಿಂದ ನೋಡಿದರು.

“ಅತ್ತೆ, ಎಷ್ಟು ದಿನದಿಂದ ಹೀಗಾಗ್ತಿದೆ?”

“ಏನು ಹೀಗಾಗ್ತಿದೆ?”

“ಕೈಗೆ ಸ್ಪರ್ಶ ಗೊತ್ತಾಗದೇ ಇರೋದು.”

ಹೀಗೆ ಕಾರಿನ ರೋಗ ಅಮ್ಮನ ಕೈಗೆ ದಾಟಿಕೊಂಡಿತು. ಐದು ಜನ ಗಾಳಿ ಇದೆ ಎಂದಿದ್ದಾರೆ, ಒಬ್ಬರು ಇಲ್ಲ ಎಂದಿದ್ದಾರೆ. ದೋಷ ಯಾರಲ್ಲಿದೆ ಎಂಬುದಕ್ಕೆ ಭಾವನ ಶಾಸ್ತ್ರದಲ್ಲಿ ಅನುಮಾನವೇ ಇರಲಿಲ್ಲ. ಅಕ್ಕ ಒಂದು ಸೂಜಿ ತಂದು ಅಮ್ಮನ ಬೆರಳಿಗೆ ಮುಟ್ಟಿಸಿದಳು. “ಅಯ್ಯೋ, ಸಾಯಿಸ್ತೀಯೇನೇ!” ಎಂದು ಅಮ್ಮ ಕೂಗಿದ್ದು ಬೇಕರಿಯ ಒಳಗಿನವರಿಗೂ ಕೇಳಿಸಿತು.

“ನೋಡಿ, ಕೈ ಚೆನ್ನಾಗಿದೆ,” ಎಂದಳು ಅಕ್ಕ.

“ಅಲ್ಲೇ ಇರೋದು ವಿಷಯ,” ಎಂದರು ಭಾವ. “ಸೂಜಿ ಗೊತ್ತಾಗತ್ತೆ, ಗಾಳಿ ಗೊತ್ತಾಗಲ್ಲ. ಅದೇ ಈ ಕಾಯಿಲೆಯ ವಿಶೇಷ.”

ಬೀದಿಯ ಕೊನೆಯ ಡಾಕ್ಟರು ಭಾವನ ಹಳೆಯ ಗಿರಾಕಿ. ಅಮ್ಮನನ್ನು ಅವರ ಮುಂದೆ ಕೂರಿಸಿ ಭಾವ ಲಕ್ಷಣಗಳನ್ನೆಲ್ಲ ವಿವರಿಸಿದರು. ಡಾಕ್ಟರು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಊದಿದರು. “ಗಾಳಿ ಗೊತ್ತಾಗ್ತಿದೆಯಾ?” “ನಿಮ್ಮದು ಗೊತ್ತಾಗ್ತಿದೆ, ಕಾರಿಂದು ಗೊತ್ತಾಗ್ತಿಲ್ಲ,” ಎಂದರು ಅಮ್ಮ. ಡಾಕ್ಟರು ಅಮ್ಮನ ಮುಖ ನೋಡಿದರು, ಭಾವನ ಮುಖ ನೋಡಿದರು, ತಮ್ಮ ಮೂಗಿನ ಮೇಲಿದ್ದ ಹೊಸ ಕನ್ನಡಕವನ್ನು ಸರಿಮಾಡಿಕೊಂಡರು. “ಒಂದು ವಿಟಮಿನ್ ಮಾತ್ರೆ ಬರೆದುಕೊಡ್ತೀನಿ. ಅದರಿಂದ ಯಾರಿಗೂ ಕೆಟ್ಟದಾಗಲ್ಲ,” ಎಂದರು.

ಆ ವಾರವೆಲ್ಲ ಅಮ್ಮ ಊಟವಾದ ಮೇಲೆ ಅಳಿಯನನ್ನು ದುರುಗುಟ್ಟಿ ನೋಡುತ್ತಾ ಮಾತ್ರೆ ನುಂಗಿದರು. ಅಕ್ಕ ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಓಡಿಸಿ ಅಭ್ಯಾಸ ಮಾಡಿದಳು. ಬಿಸಿಲಿನಲ್ಲಿ ಗಾಜು ಮಬ್ಬಾಗುವುದಿಲ್ಲವಾದ್ದರಿಂದ ಭಾವನ ಕೀರ್ತಿಗೆ ಧಕ್ಕೆ ಬರಲಿಲ್ಲ. ಮೇಷ್ಟ್ರು ತಮ್ಮ ಮನೆಯ ನೀರಿನ ಪಂಪನ್ನೂ ಒಮ್ಮೆ ನೋಡಬೇಕೆಂದು ಕೇಳಿಕೊಂಡರು.

ಶನಿವಾರ ಬೆಳಿಗ್ಗೆ ಎಲುಬು ಕೊರೆಯುವ ಚಳಿ. ಭಾವನೇ ಕಾರು ಓಡಿಸಿದರು, ಅಕ್ಕ ಪಕ್ಕದಲ್ಲಿ, ನಾನು ಹಿಂದೆ. ಬೀದಿಯ ತಿರುವು ದಾಟುವಷ್ಟರಲ್ಲಿ ಗಾಜು ಬೆಳ್ಳಗಾಯಿತು.

“ಫ್ಯಾನು ಈಗಷ್ಟೇ ಎದ್ದಿದೆ. ಸ್ವಲ್ಪ ಹೊತ್ತು ಬೇಕು ಅದಕ್ಕೆ,” ಎಂದರು ಭಾವ.

ಅಕ್ಕ ಒಂದು ಕಡೆ ಒರೆಸಿದಳು, ನಾನು ಹಿಂದಿನಿಂದ ಬಗ್ಗಿ ಇನ್ನೊಂದು ಕಡೆ ಒರೆಸಿದೆ. ಒರೆಸಲು ಹಳದಿ ಬಟ್ಟೆ ಬೇಕೆಂದು ಅಕ್ಕ ಎದುರಿನ ಖಾನೆಗೆ ಕೈ ಹಾಕಿದರೆ ಅಲ್ಲಿ ಉಳಿದಿದ್ದದ್ದು ಒಂದೇ ಒಂದು. “ಇಲ್ಲಿ ಒಂದು ಕಟ್ಟು ಇಟ್ಟಿದ್ದೆನಲ್ಲ, ಯಾರು ತಗೊಂಡ್ರಿ?” ಎಂದು ಭಾವ ನನ್ನ ಕಡೆ ತಿರುಗಿದರು. ರಸ್ತೆ ನೋಡಿ ಎಂದು ನಾವಿಬ್ಬರೂ ಕಿರುಚಿದೆವು. ನೋಡಲು ರಸ್ತೆ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಅಂತೂ ಒರೆಸುತ್ತಾ, ಕಿರುಚುತ್ತಾ ಮೈದಾನ ಸೇರಿದೆವು.

ಟೆಸ್ಟ್ ಮಾಡುವ ಅಧಿಕಾರಿ ದಪ್ಪ ಮೀಸೆಯ ಮನುಷ್ಯ. ಅವರು ನಕ್ಕದ್ದನ್ನು ಕಂಡವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಹಿಂದಿನ ಎರಡು ಸಲವೂ ಅಕ್ಕನನ್ನು ಫೇಲು ಮಾಡಿದವರು ಇವರೇ. ಸಾಲದ್ದಕ್ಕೆ ಅವತ್ತು ಅವರ ಕೈಯಲ್ಲಿ ಹಬೆಯಾಡುವ ಚಹಾದ ದೊಡ್ಡ ಲೋಟ ಬೇರೆ. ಅದನ್ನು ನೋಡಿದ ಕೂಡಲೇ ಭಾವನ ಮುಖ ಕಪ್ಪಿಟ್ಟಿತು. ಅಕ್ಕನ ಕಿಟಕಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು.

“ಕೇಳು, ಉಸಿರು ಮೆಲ್ಲಗೆ ಬಿಡು. ಅವರ ಹತ್ರ ಮಾತಾಡಬೇಡ, ಮಾತಾಡಿದಷ್ಟೂ ಹಬೆ. ಗಾಜು ಮಬ್ಬಾದ್ರೂ ನಿಲ್ಲಿಸಬೇಡ, ನಿಲ್ಲಿಸಿದ್ರೆ ಫೇಲು. ಅಂದಾಜಿನ ಮೇಲೆ ಹೋಗ್ತಾ ಇರು.”

“ರೀ, ನೀವು ದೂರ ಹೋಗಿ ನಿಂತ್ಕೊಳ್ಳಿ. ಕೈ ಜೇಬಲ್ಲಿ ಇಟ್ಕೊಳ್ಳಿ,” ಎಂದಳು ಅಕ್ಕ.

ಗಾಡಿ ಹೊರಟಿತು. ದಿಬ್ಬ ಹತ್ತಿತು, ಜಾರಲಿಲ್ಲ. ರಬ್ಬರ್ ಕಂಬಗಳ ನಡುವೆ ಹಾವಿನಂತೆ ನುಸುಳಿತು, ಒಂದೂ ಮಲಗಲಿಲ್ಲ. ಭಾವ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಜೇಬಿನೊಳಗೇ ಎಡ ಬಲ ತೋರಿಸುತ್ತಿದ್ದರು. ಗಾಜುಗಳು ಮಾತ್ರ ಒಂದೊಂದಾಗಿ ಬೆಳ್ಳಗಾಗುತ್ತಾ ಬಂದವು. ಮೊದಲು ಪಕ್ಕದವು, ಆಮೇಲೆ ಹಿಂದಿನದು, ಕಡೆಗೆ ಮುಂದಿನದು. ಮೈದಾನದ ಆಚೆ ತುದಿಯಲ್ಲಿ ಕಾರು ಟಕ್ಕೆಂದು ನಿಂತಿತು.

“ಮುಗೀತು,” ಎಂದರು ಭಾವ. ಅವರ ದನಿ ಅಳುವಿನ ಹತ್ತಿರ ಬಂದಿತ್ತು. “ಹೋಯ್ತು ಅವಳ ಕೆಲಸ.”

ಆಗ ಪಕ್ಕದ ಬಾಗಿಲು ತೆರೆಯಿತು. ಅಧಿಕಾರಿ ಕೆಳಗಿಳಿದರು. ಇಳಿದವರು ನಮ್ಮ ಕಡೆ ಬರಲಿಲ್ಲ. ಮತ್ತೆ ಒಳಕ್ಕೆ ಬಗ್ಗಿದರು, ಇನ್ನೂ ಬಗ್ಗಿದರು. ಕಡೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಮಾಯವಾಗಿ ಎರಡು ಬೂಟುಗಳು ಮಾತ್ರ ಹೊರಗೆ ಉಳಿದವು. ಹೀಟರ್ ಕೆಟ್ಟಿದೆ ಎಂದರೆ ಸಾಕು, ನಮ್ಮ ಗಂಡಸರಿಗೆ ಅದೊಂದು ಕರೆ. ಮೀಸೆ, ಅಧಿಕಾರ ಯಾವುದೂ ಅದನ್ನು ತಡೆಯುವುದಿಲ್ಲ.

ನಾವು ಓಡಿದೆವು. ನಮ್ಮ ಕಾರಿನ ಮೂತಿಯಿಂದ ಒಂದು ಗೇಣು ದೂರದಲ್ಲಿ, ಫಳಫಳ ಹೊಳೆಯುವ ಒಂದು ಹೊಸ ಕಾರು ನಿಂತಿತ್ತು. ಅದರ ಗಾಜಿನ ಮೇಲೆ ಇಲಾಖೆಯ ಚೀಟಿ. ಅದು ಅಧಿಕಾರಿಯ ಸ್ವಂತ ಕಾರು. ಮಬ್ಬು ಗಾಜಿನ ಹಿಂದೆ ಕೂತಿದ್ದ ಅವರಿಗೆ ಅದು ಕಂಡಿರಲಿಲ್ಲ, ಇಳಿದ ಮೇಲೂ ಅವರ ಗಮನವೆಲ್ಲ ನಮ್ಮ ಫ್ಯಾನಿನ ಮೇಲೆಯೇ ಇತ್ತು. ಭಾವನ ಕಣ್ಣಿಗೂ ಅದು ಬಿತ್ತು. ಅವರು ಏನೂ ಹೇಳದೆ, ತಮ್ಮ ತೆಳ್ಳನೆಯ ಮೈಯಿಂದ ಒಂದು ಇಡೀ ಕಾರನ್ನು ಮರೆಮಾಡಿ ನಿಲ್ಲಲು ಪ್ರಯತ್ನಿಸಿದರು.

“ನನ್ನ ಗಾಡಿಲೂ ಇದೇ ತೊಂದರೆ ಇತ್ತಮ್ಮ,” ಎಂದು ಬೂಟುಗಳ ಕಡೆಯಿಂದ ದನಿ ಬಂತು. “ವೈರು ಸಡಿಲ ಆಗಿರತ್ತೆ ಅಷ್ಟೆ. ಒತ್ತಿದ್ದೀನಿ. ಈಗ ಕೈ ಹಿಡಿದು ನೋಡಿ. ಗಾಳಿ ಬರ್ತಿದೆಯಾ?”

ಅಕ್ಕ ಗುಂಡಿ ತಿರುಗಿಸಿ, ಕಿಂಡಿಗೆ ಕೈ ಹಿಡಿದಳು.

ಅವಳ ಲೈಸೆನ್ಸು ಇರುವುದು ಈ ಮನುಷ್ಯನ ಸಹಿಯಲ್ಲಿ. ಅವರೋ ಶರ್ಟು ಕೊಳೆ ಮಾಡಿಕೊಂಡು, ಹೆಮ್ಮೆಯಿಂದ ಕಾಯುತ್ತಿದ್ದಾರೆ. ಭಾವ ಮುಂದಿನ ಗಾಜಿನ ಆಚೆಯಿಂದ ಓಡಿ ಬಂದು, ಅವಳ ಕಿಟಕಿಯಲ್ಲಿ ತಲೆ ತೂರಿಸಿ, ಹೂಂ ಅನ್ನು, ಹೂಂ ಅನ್ನು ಎಂದು ಕತ್ತು ಮುರಿಯುವ ಹಾಗೆ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಅಕ್ಕ ಗಂಡನ ಮುಖ ನೋಡಿದಳು. ಬೂಟುಗಳನ್ನು ನೋಡಿದಳು.

“ಇಲ್ಲ ಸಾರ್.”

“ಸರಿಯಾಗಿ ನೋಡಿ.”

“ಸರಿಯಾಗೇ ನೋಡ್ದೆ ಸಾರ್. ಚೂರೂ ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ.”

“ಸ್ವಲ್ಪ ಬರ್ತಿದೆ ಸಾರ್!” ಎಂದು ಭಾವ ಒದರಿದರು.

ಡ್ಯಾಶ್‌ಬೋರ್ಡಿನ ಕೆಳಗಿನಿಂದ ಮೀಸೆ ಹೊರಬಂತು. “ನೀವು ಹೊರಗೆ ನಿಂತಿದ್ದೀರಿ. ನಿಮಗೆ ಹೇಗೆ ಗೊತ್ತಾಯ್ತು?”

ಭಾವನ ವೃತ್ತಿಜೀವನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಕ್ಕನಿಗೆ ಈಗ ಬಾಯಿ ಬಂದಿತ್ತು. ಒಂದು ಸಲ ನಿಜ ಹೇಳಿದ ಮೇಲೆ ಭಯ ಬಿಟ್ಟುಹೋಗುತ್ತದೆ ಎಂದು ಕಾಣುತ್ತದೆ. “ಸಾರ್, ನಾನು ಗುಂಡಿ ತಿರುಗಿಸಿದಾಗ ಒಳಗಿನ ದೀಪ ಚೂರು ಮಂಕಾಗತ್ತೆ, ನೋಡಿ. ಅಂದ್ರೆ ಕರೆಂಟು ಹೋಗ್ತಾ ಇದೆ. ಫ್ಯಾನಿಗೆ ಜೀವ ಇದೆ, ತಿರುಗೋಕೆ ಆಗ್ತಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ.” ಹೀಗೆಂದು ಅವಳು ಗುಂಡಿಯನ್ನು ಸೊನ್ನೆಗೆ ತಂದು, ಕೀಲಿ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಈಗ ಕೈ ಹಾಕಿ ಸಾರ್. ಆ ಖಾನೆಯ ಹಿಂದೆ ಒಂದು ಮುಚ್ಚಳ ಇರಬೇಕು.”

ಮುಚ್ಚಳ ಇತ್ತು. ಅಧಿಕಾರಿ ಅದನ್ನು ತೆಗೆದು, ಮೊಣಕೈವರೆಗೆ ಕೈ ಹಾಕಿ, ಮುಖ ಕಿವುಚಿಕೊಂಡು ಏನನ್ನೋ ಎಳೆದರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ, ಅದರ ಹಾಸಿಗೆ ಸಿಕ್ಕಿತು. ಒಣಗಿದ ಎಲೆ, ಸೀಟಿನ ಹತ್ತಿ, ಅದರ ಸುತ್ತ ಅಚ್ಚುಕಟ್ಟಾಗಿ ಹೆಣೆದ ಹಳದಿ ಬಟ್ಟೆಯ ಚೂರುಗಳು. ಕಡೆಯದಾಗಿ ಫ್ಯಾನಿಗೆ ಸುತ್ತಿಕೊಂಡಿದ್ದ ಒಂದು ಇಡೀ ಬಟ್ಟೆ. ಅಧಿಕಾರಿ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು.

“ಸ್ಪಷ್ಟ ನೋಟ ನಮ್ಮ ಹೊಣೆ. ಯಾವುದು ಈ ಅಂಗಡಿ?”

“ಯಾವುದೋ ಇರಬೇಕು ಸಾರ್,” ಎಂದರು ಭಾವ.

“ಇವರದ್ದೇ ಸಾರ್,” ಎಂದಳು ಅಕ್ಕ. ಅವಳಿಗೆ ಅವತ್ತು ನಿಜ ಹೇಳುವ ಹುರುಪು ಹತ್ತಿಬಿಟ್ಟಿತ್ತು.

ಕೀಲಿ ಹಾಕಿ, ಗುಂಡಿ ತಿರುಗಿಸಿದಳು. ಫ್ಯಾನು ಒಮ್ಮೆ ಗೊರ್ ಎಂದಿತು. ಆಮೇಲೆ ಬುಸ್ಸೆಂದು ಎದ್ದು, ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಧೂಳು, ಎಲೆಪುಡಿ, ಹತ್ತಿಯನ್ನೆಲ್ಲ ಒಂದೇ ಸಲ ಅಧಿಕಾರಿಯ ಮುಖದ ಮೇಲೆ ಕಾರಿತು. ಮೀಸೆಯ ಮೇಲೆ ಒಂದು ಹಳದಿ ಚೂರು ಬಂದು ಕೂತಿತು. ನಾವು ಯಾರೂ ನಗಲಿಲ್ಲ. ನಗದೇ ಇರಲು ನಾನು ನಾಲಿಗೆ ಕಚ್ಚಿಕೊಂಡದ್ದು ಎರಡು ದಿನ ನೋಯುತ್ತಿತ್ತು.

ಮುಂದಿನ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗತೊಡಗಿತು. ಮೊದಲು ಒಂದು ಹೊಳೆಯುವ ಬಂಪರು ಕಂಡಿತು. ಆಮೇಲೆ ನಂಬರ್ ಪ್ಲೇಟು. ಆಮೇಲೆ ಇಡೀ ಕಾರು. ಅಧಿಕಾರಿ ಅದನ್ನೇ ನೋಡುತ್ತಾ ಕೂತರು. ಕಾರುಗಳ ನಡುವಿನ ಗೇಣಗಲದ ಜಾಗಕ್ಕೆ ಅವರ ಕಣ್ಣು ಇಳಿದು ಅಲ್ಲೇ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡರು.

“ಅಮ್ಮ, ನೀವು ಇಲ್ಲಿ ಯಾಕೆ ನಿಲ್ಲಿಸಿದ್ರಿ?”

“ಮುಂದೆ ಏನಿದೆ ಅಂತ ಕಾಣ್ತಿರಲಿಲ್ಲ ಸಾರ್. ಕಾಣದೇ ಇದ್ದಾಗ ನಾನು ಹೋಗಲ್ಲ.”

“ಹೋಗಿ ಅಂತ ಯಾರೂ ಹೇಳಿರಲಿಲ್ವಾ?”

“ಹೇಳಿದ್ರು. ನಾನು ಕೇಳಲಿಲ್ಲ.”

ಅಧಿಕಾರಿ ತಮ್ಮ ಹೊಸ ಕಾರನ್ನು ಇನ್ನೊಮ್ಮೆ, ಆಪರೇಷನ್ ಆದ ಮಗುವನ್ನು ನೋಡುವ ಹಾಗೆ ನೋಡಿದರು. ದೊಡ್ಡ ಉಸಿರು ಬಿಟ್ಟರು. ಗಾಜು ಮಬ್ಬಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಟೆಸ್ಟಿನ ಹಾಳೆಯನ್ನು ಅಲ್ಲೇ ಮೊಣಕಾಲಿನ ಮೇಲಿಟ್ಟುಕೊಂಡು ಪಾಸೆಂದು ಸಹಿ ಹಾಕಿದರು.

“ಹತ್ತು ವರ್ಷದಿಂದ ನಾನು ಎಷ್ಟೋ ಜನರನ್ನ ಏನೇನೋ ಕೇಳಿದ್ದೀನಿ,” ಎಂದರು. “ಎಲ್ಲರೂ ಹೌದು ಸಾರ್, ಹೌದು ಸಾರ್ ಅಂತಾರೆ. ನೀವು ಇಲ್ಲ ಅಂದ್ರಿ. ಹೋಗಿ ಬನ್ನಿ, ಒಳ್ಳೇದಾಗಲಿ.” ಅಷ್ಟು ಹೇಳಿ, ಮೀಸೆಯ ಮೇಲಿನ ಹಳದಿ ಚೂರಿನ ಸಮೇತ ನಡೆದು ಹೋದರು. ಅದರ ಬಗ್ಗೆ ಮಾತ್ರ ಅಕ್ಕನೂ ನಿಜ ಹೇಳಲಿಲ್ಲ.

ಹೋಗುವಾಗ ಇದ್ದ ಭಾರವೆಲ್ಲ ಇಳಿದುಹೋಗಿತ್ತು. ಮನೆಗೆ ಅಕ್ಕನೇ ಕಾರು ಓಡಿಸಿದಳು. ಬೆಚ್ಚಗಿನ ಗಾಳಿ ಮುಖಕ್ಕೆ ಬೀಸುತ್ತಿತ್ತು, ಗಾಜಿನಾಚೆ ಮರ, ಅಂಗಡಿ, ಜನ ಎಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಅಕ್ಕ ನಗುತ್ತಿದ್ದಳು, ನಡುವೆ ಒಮ್ಮೆ ಕಣ್ಣೊರೆಸಿಕೊಂಡಳು. ಸೋಮವಾರ ಯಾವ ಮನೆಗೆ ಮೊದಲು ಹೋಗಬೇಕು, ಆ ಮಗು ಎಷ್ಟು ತೂಕ ಇದೆ ಎಂದೆಲ್ಲ ನನಗೆ ಹೇಳಿದಳು. ನನಗೂ ಅಳು ಬರುವಷ್ಟು ಸಂತೋಷವಾಗಿತ್ತು.

ಪಕ್ಕದಲ್ಲಿ ಕೂತ ಭಾವ ಮಾತ್ರ ಉಳಿದಿದ್ದ ಹಳದಿ ಬಟ್ಟೆಯನ್ನು ಮಡಿಸುತ್ತಾ, ಬಿಚ್ಚುತ್ತಾ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು. “ಹಾಗಾದ್ರೆ ಅತ್ತೆ ಕೈ?”

“ಚೆನ್ನಾಗಿದೆ.”

“ಭಾನುವಾರ ನೀನೂ ಸ್ವಲ್ಪ ಬರ್ತಿದೆ ಅಂದ್ಯಲ್ಲ?”

“ನಿಮ್ಮ ಮುಖ ನೋಡಿ ಅಂದೆ ರೀ. ಅಷ್ಟು ಕಷ್ಟಪಟ್ಟಿದ್ರಿ, ಪಾಪ ಅನ್ನಿಸ್ತು.”

ಭಾವ ಇದನ್ನು ನುಂಗಿಕೊಂಡರು. ನುಂಗಿದ್ದು ಕೆಳಗಿಳಿಯುತ್ತಿದ್ದ ಹಾಗೆ ಅವರ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬಂದವು. ಮದುವೆಯಾಗಿ ಹದಿನಾಲ್ಕು ವರ್ಷ ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದದ್ದು ಹಿಂದಿನ ಸೀಟಿನಲ್ಲಿದ್ದ ನನಗೂ ಕಾಣಿಸಿತು.

“ನಾನು ಅಡುಗೆ ಮಾಡಿದಾಗ ಚೆನ್ನಾಗಿದೆ ಅಂತೀಯಲ್ಲ,” ಎಂದರು. “ನಾನು ಹಾಡು ಹೇಳಿದಾಗ ಇನ್ನೊಂದು ಹೇಳಿ ಅಂತೀಯಲ್ಲ. ಈ ಕೋಟು ನನಗೆ ಒಪ್ಪತ್ತೆ ಅಂತೀಯಲ್ಲ. ಅದೆಲ್ಲಾ…?”

ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕೈ ಚಾಚಿ ಫ್ಯಾನಿನ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದಳು. ಗಾಳಿ ಭೋರ್ಗರೆಯುತ್ತಾ ಬಂತು. ಭಾವ ಇನ್ನೂ ಏನೇನೋ ಕೇಳುತ್ತಿದ್ದರು, ಅವರ ಬಾಯಿ ಆಡುತ್ತಿದ್ದದ್ದು ಕಾಣುತ್ತಿತ್ತು. ಮನೆ ತಲುಪುವವರೆಗೂ ನಮ್ಮಿಬ್ಬರಿಗೂ ಒಂದು ಮಾತೂ ಕೇಳಿಸಲಿಲ್ಲ.